ದೂರದಿಂದ ಕಂಪ್ಯೂಟರ್ ಸರಿಮಾಡಿಸುವುದು: ರಿಮೋಟ್ ಆಪ್ ಹಾಕುವುದು, ಬಳಸುವುದು, ಕೆಲಸ ಮುಗಿದ ಮೇಲೆ ತೆಗೆಯುವುದು ಹೇಗೆ?

"ಎನಿಡೆಸ್ಕ್ ಹಾಕ್ಕೊಳ್ಳಿ, ನಾನೇ ಒಳಗೆ ಬಂದು ನೋಡ್ತೀನಿ ಅಂತ ಹೇಳಿದ್ದಾರೆ. ಹಾಕಿಕೊಳ್ಳಲಾ? ಎಲ್ಲಿಂದ ಇಳಿಸಿಕೊಳ್ಳಬೇಕು? ಯಾವ ನಂಬರ್ ಹೇಳಬೇಕು? ನನ್ನ ಫೋಟೋ, ಬ್ಯಾಂಕಿನ ವಿವರ ಎಲ್ಲ ಅವರಿಗೆ ಕಂಡುಬಿಡುತ್ತಾ?" ಕಂಪ್ಯೂಟರ್ ಸರಿಮಾಡುವವರು ಎನಿಡೆಸ್ಕ್‌ನಂಥ ರಿಮೋಟ್ ಆಪ್ ಹಾಕಲು ಹೇಳಿದಾಗ ಹುಟ್ಟುವ ಈ ಪ್ರಶ್ನೆಗಳು ಎಷ್ಟೋ ದಿನದಿಂದ ಬರುತ್ತಲೇ ಇವೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಸಹಾಯ ಪಡೆಯುವವರಿಗೂ ಇದು ಬೇಕಾಗುತ್ತದೆ. ಮನೆಯವರಿಗೆ, ಸ್ನೇಹಿತರಿಗೆ ದೂರದಿಂದ ಕಂಪ್ಯೂಟರ್ ಸರಿಮಾಡಿಕೊಡುವವರಿಗೂ ಬೇಕಾಗುತ್ತದೆ.

ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಮೊದಲು ಫೋನ್ ಮಾಡಿದ್ದು ಯಾರು? ನಿಮಗೆ ತೊಂದರೆ ಆಯಿತು, ನೀವಾಗಿ ನಿಮಗೆ ಗೊತ್ತಿರುವವರಿಗೆ ಫೋನ್ ಮಾಡಿದಿರಿ, ಅವರು ಆಪ್ ಹಾಕಲು ಹೇಳಿದರು ಅಂದರೆ ಮುಂದೆ ಓದಿ. ಯಾರೋ ಅವರಾಗಿ ನಿಮಗೆ ಫೋನ್ ಮಾಡಿ "ನಿಮ್ಮ ಕಂಪ್ಯೂಟರ್‌ಗೆ ವೈರಸ್ ಬಂದಿದೆ", "ನಿಮ್ಮ ಖಾತೆಯಲ್ಲಿ ತೊಂದರೆ ಇದೆ" ಅಂತ ಹೇಳಿ ಆಪ್ ಹಾಕಿಸುತ್ತಿದ್ದರೆ ಇಲ್ಲಿಗೇ ನಿಲ್ಲಿಸಿ, ಫೋನ್ ಇಡಿ. ಆಪ್ ಒಂದೇ, ಹಾಕುವ ಕ್ರಮ ಒಂದೇ. ಆದರೆ ಮೊದಲನೆಯದು ಸಹಾಯ, ಎರಡನೆಯದು ಮೋಸ.

ಇದು ಕೆಲಸ ಮಾಡುವುದು ಹೇಗೆ?

ರಿಮೋಟ್ ಸಪೋರ್ಟ್ ಆಪ್ ಅಂದರೆ ನಿಮ್ಮ ಕಂಪ್ಯೂಟರ್‌ನ ಪರದೆಯನ್ನು ಇಂಟರ್ನೆಟ್ ಮೂಲಕ ಇನ್ನೊಬ್ಬರಿಗೆ ತೋರಿಸುವ ಆಪ್. ನೀವು ಒಪ್ಪಿದರೆ ಅವರ ಮೌಸ್, ಕೀಬೋರ್ಡ್ ನಿಮ್ಮ ಕಂಪ್ಯೂಟರ್ ಮೇಲೂ ಕೆಲಸ ಮಾಡುತ್ತವೆ. ಎರಡೂ ಕಡೆಯ ಕಂಪ್ಯೂಟರ್‌ಗಳು ಮೊದಲು ಆ ಕಂಪನಿಯ ಸರ್ವರ್‌ಗೆ ಹೋಗಿ ಮುಟ್ಟುತ್ತವೆ. ಸರ್ವರ್ ಇಬ್ಬರನ್ನೂ ಜೋಡಿಸಿಕೊಡುತ್ತದೆ. ಯಾರನ್ನು ಯಾರ ಜೊತೆ ಜೋಡಿಸಬೇಕು ಅಂತ ಅದಕ್ಕೆ ಗೊತ್ತಾಗಲು ಒಂದು ನಂಬರ್ ಅಥವಾ ಕೋಡ್ ಬೇಕು. ನೀವು ಫೋನಿನಲ್ಲಿ ಓದಿ ಹೇಳುವುದು ಇದನ್ನೇ.

ಇದರಲ್ಲಿ ಎರಡು ಬಗೆ ಇದೆ. ನೀವು ಕಂಪ್ಯೂಟರ್ ಮುಂದೆ ಕೂತು, ಪ್ರತಿ ಸಲ ಒಪ್ಪಿಗೆ ಕೊಟ್ಟು ಒಳಗೆ ಬಿಡುವುದು ಒಂದು. ನೀವು ಇಲ್ಲದಿದ್ದಾಗಲೂ ಪಾಸ್‌ವರ್ಡ್ ಹಾಕಿ ಒಳಗೆ ಬರಲು ಬಿಡುವುದು ಇನ್ನೊಂದು. ಇದಕ್ಕೆ 'ಅನ್‌ಅಟೆಂಡೆಡ್ ಆಕ್ಸೆಸ್' ಎನ್ನುತ್ತಾರೆ, ಅಂದರೆ ಯಾರೂ ಎದುರಿಗಿಲ್ಲದಾಗಿನ ಪ್ರವೇಶ. ಸಾಮಾನ್ಯ ರಿಪೇರಿಗೆ ಮೊದಲನೆಯದೇ ಸಾಕು. ಎರಡನೆಯದರ ಬಗ್ಗೆ ಮುಂದೆ ಹೇಳುತ್ತೇನೆ.

ಏನೇನು ಬೇಕು?

ಎರಡೂ ಕಡೆ ಇಂಟರ್ನೆಟ್ ಇರಬೇಕು. ಇಂಟರ್ನೆಟ್ಟೇ ಬರುತ್ತಿಲ್ಲ ಎನ್ನುವುದು ನಿಮ್ಮ ತೊಂದರೆಯಾದರೆ ಈ ಆಪ್‌ಗಳು ಉಪಯೋಗಕ್ಕೆ ಬರುವುದಿಲ್ಲ. ಮೊಬೈಲ್‌ನ ಹಾಟ್‌ಸ್ಪಾಟ್ ಕೊಟ್ಟು ತಾತ್ಕಾಲಿಕವಾಗಿ ನಡೆಸಬಹುದು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಡಿ. ಮಾತಾಡಲು ಫೋನ್ ಬೇರೆ ಇರಲಿ, ಸ್ಪೀಕರ್‌ನಲ್ಲಿ ಇಡಿ. ಎರಡೂ ಕೈ ಖಾಲಿ ಇರಬೇಕು. ಕಂಪ್ಯೂಟರ್‌ನ ಅಡ್ಮಿನ್ ಪಾಸ್‌ವರ್ಡ್ ನಿಮಗೆ ಗೊತ್ತಿರಬೇಕು. ಅದನ್ನು ಹೇಳುವುದಕ್ಕಲ್ಲ, ಕೇಳಿದಾಗ ನೀವೇ ಟೈಪ್ ಮಾಡುವುದಕ್ಕೆ.

ಹಂತ 1: ಯಾವ ಆಪ್ ಅಂತ ತೀರ್ಮಾನಿಸಿ

ಸಹಾಯ ಮಾಡುವವರು ಒಂದು ಆಪ್ ಹೆಸರು ಹೇಳಿದ್ದರೆ ಅದನ್ನೇ ಹಾಕಿ. ಎರಡೂ ಕಡೆ ಒಂದೇ ಆಪ್ ಇರಬೇಕು. ಎನಿಡೆಸ್ಕ್‌ನಿಂದ ಟೀಮ್‌ವ್ಯೂವರ್‌ಗೆ ಹೋಗಲು ಆಗುವುದಿಲ್ಲ. ನೀವೇ ಆರಿಸಬೇಕಾಗಿದ್ದರೆ ನನ್ನ ಅಭಿಪ್ರಾಯ ಹೀಗಿದೆ.

ಎರಡೂ ಕಡೆ ವಿಂಡೋಸ್ 10 ಅಥವಾ 11 ಇದ್ದರೆ ಮೊದಲು ಕ್ವಿಕ್ ಅಸಿಸ್ಟ್ ನೋಡಿ. ಇದು ಮೈಕ್ರೋಸಾಫ್ಟ್‌ನದೇ. ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಆಗಲೇ ಇರುತ್ತದೆ, ಇಲ್ಲದಿದ್ದರೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಸಹಾಯ ಮಾಡುವವರಿಗೆ ಮಾತ್ರ ಮೈಕ್ರೋಸಾಫ್ಟ್ ಖಾತೆ ಬೇಕು. ಸಹಾಯ ಪಡೆಯುವವರಿಗೆ ಯಾವ ಖಾತೆಯೂ ಬೇಡ. ಅದಕ್ಕೇ ನನಗೆ ಇದು ಜಾಸ್ತಿ ಇಷ್ಟ. ಕಂಪ್ಯೂಟರ್ ಅಷ್ಟಾಗಿ ಬಳಸದವರಿಗೆ ಹೊಸ ಖಾತೆ ತೆರೆಸುವ ಗೋಳು ತಪ್ಪುತ್ತದೆ.

ಒಂದು ಕಡೆ ಮ್ಯಾಕ್, ಇನ್ನೊಂದು ಕಡೆ ವಿಂಡೋಸ್ ಇದ್ದರೆ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್ ನೋಡಿ. ಎರಡೂ ಜರ್ಮನಿಯ ಕಂಪನಿಗಳದ್ದು. ಸ್ವಂತ ಬಳಕೆಗೆ ಉಚಿತ, ವ್ಯಾಪಾರಕ್ಕೆ ಬಳಸಿದರೆ ಲೈಸೆನ್ಸ್ ಕೊಳ್ಳಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವ್ಯಾಪಾರಕ್ಕೆ ಬಳಸುತ್ತಿದ್ದೀರಿ ಎಂಬ ಅನುಮಾನ ಬಂದರೆ ಟೀಮ್‌ವ್ಯೂವರ್ ಸ್ವಲ್ಪ ಹೊತ್ತಿಗೇ ಸಂಪರ್ಕ ಕಡಿದುಬಿಡುತ್ತದೆ. ಆಫೀಸಿನ ಕಂಪ್ಯೂಟರ್ ಆಗಿದ್ದರೆ ಮೊದಲು ಅಲ್ಲಿನ ಐಟಿ ವಿಭಾಗವನ್ನು ಕೇಳಿ. ಎಷ್ಟೋ ಕಡೆ ಇಂಥ ಆಪ್ ಹಾಕುವಂತಿಲ್ಲ.

ಕ್ರೋಮ್ ಬ್ರೌಸರ್ ಬಳಸುವವರಿಗೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಇದೆ. ರಸ್ಟ್‌ಡೆಸ್ಕ್ ಅಂತ ಇನ್ನೊಂದಿದೆ, ಅದು ಓಪನ್ ಸೋರ್ಸ್. ಅಂದರೆ ಅದರ ಕೋಡ್ ಯಾರು ಬೇಕಾದರೂ ನೋಡಬಹುದು, ತಮ್ಮದೇ ಸರ್ವರ್ ಇಟ್ಟುಕೊಂಡೂ ನಡೆಸಬಹುದು. ಹತ್ತಾರು ಕಂಪ್ಯೂಟರ್ ನೋಡಿಕೊಳ್ಳುವವರಿಗೆ ಅದು ಒಳ್ಳೆಯದು, ಒಂದು ಸಲದ ರಿಪೇರಿಗೆ ಅಷ್ಟೆಲ್ಲ ಬೇಡ.

ಹಂತ 2: ಸರಿಯಾದ ಜಾಗದಿಂದ ಇಳಿಸಿಕೊಳ್ಳಿ

ಜನ ಎಡವುವುದು ಇಲ್ಲೇ. ಗೂಗಲ್‌ನಲ್ಲಿ ಆಪ್ ಹೆಸರು ಹಾಕಿ ಹುಡುಕುತ್ತಾರೆ, ಮೊದಲು ಬಂದ ಲಿಂಕ್ ಒತ್ತುತ್ತಾರೆ. ಮೊದಲು ಬರುವುದು ಎಷ್ಟೋ ಸಲ ಜಾಹೀರಾತು. ಅದರಲ್ಲಿ ನಕಲಿ ಪುಟಗಳೂ ಇರುತ್ತವೆ. ಅಲ್ಲಿ ಸಿಗುವುದು ಆಪ್ ಜೊತೆ ಇನ್ನೇನನ್ನೋ ಸೇರಿಸಿದ ಫೈಲ್.

ಅದಕ್ಕೆ ಹುಡುಕಬೇಡಿ. ಬ್ರೌಸರ್‌ನ ಮೇಲ್ಗಡೆ ವಿಳಾಸ ಬರೆಯುವ ಜಾಗದಲ್ಲಿ ನೀವೇ ಟೈಪ್ ಮಾಡಿ: ಎನಿಡೆಸ್ಕ್ ಡಾಟ್ ಕಾಮ್, ಟೀಮ್‌ವ್ಯೂವರ್ ಡಾಟ್ ಕಾಮ್, ರಸ್ಟ್‌ಡೆಸ್ಕ್ ಡಾಟ್ ಕಾಮ್. ಸ್ಪೆಲ್ಲಿಂಗ್ ಅನುಮಾನ ಇದ್ದರೆ ಸಹಾಯ ಮಾಡುವವರಿಂದ ಅಕ್ಷರ ಅಕ್ಷರ ಬಿಡಿಸಿ ಹೇಳಿಸಿಕೊಳ್ಳಿ. ಕ್ರೋಮ್‌ನದಕ್ಕೆ 'ರಿಮೋಟ್‌ಡೆಸ್ಕ್‌ಟಾಪ್ ಡಾಟ್ ಗೂಗಲ್ ಡಾಟ್ ಕಾಮ್' ಎಂದು ಟೈಪ್ ಮಾಡಿ.

ಇಳಿಸಿದ ಫೈಲ್ ತೆರೆಯುವ ಮೊದಲು ವಿಂಡೋಸ್‌ನಲ್ಲಿ ಒಂದು ಪರೀಕ್ಷೆ ಮಾಡಬಹುದು. ಫೈಲ್ ಮೇಲೆ ಮೌಸ್‌ನ ಬಲಗಡೆ ಬಟನ್ ಒತ್ತಿ. ಬರುವ ಪಟ್ಟಿಯಲ್ಲಿ ಪ್ರಾಪರ್ಟೀಸ್ ಆರಿಸಿ. ಮೇಲಿನ ಸಾಲಿನಲ್ಲಿ 'ಡಿಜಿಟಲ್ ಸಿಗ್ನೇಚರ್ಸ್' ಅಂತ ಇರುತ್ತದೆ. ಅಲ್ಲಿ ಆ ಕಂಪನಿಯ ಹೆಸರೇ ಇರಬೇಕು. ಇದು ಕಂಪನಿ ಹಾಕಿದ ಮೊಹರು ಇದ್ದ ಹಾಗೆ. ಬೇರೆ ಹೆಸರಿದ್ದರೆ ಅಥವಾ ಆ ಭಾಗವೇ ಇಲ್ಲದಿದ್ದರೆ ಫೈಲ್ ಅಳಿಸಿಬಿಡಿ.

ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಕಳಿಸಿದ ಫೈಲ್ ಹಾಕಬೇಡಿ. ಕಳಿಸಿದವರು ನಂಬಿಕಸ್ಥರೇ ಆದರೂ ಬೇಡ. ಅವರಿಗೆ ಅದು ಎಲ್ಲಿಂದ ಬಂತೋ ನಿಮಗೆ ಗೊತ್ತಿಲ್ಲ.

ಹಂತ 3: ಹಾಕುವುದು

ಎನಿಡೆಸ್ಕ್‌ನ ವಿಂಡೋಸ್ ಫೈಲ್ ಕೆಲವೇ ಎಂಬಿ ಗಾತ್ರದ್ದು. ಅದನ್ನು ಇನ್‌ಸ್ಟಾಲ್ ಮಾಡದೆಯೂ ನೇರವಾಗಿ ತೆರೆದು ಬಳಸಬಹುದು. ಒಂದು ಸಲದ ಕೆಲಸಕ್ಕೆ ಹಾಗೇ ಮಾಡಿ. 'ಇನ್‌ಸ್ಟಾಲ್ ಮಾಡಲಾ' ಅಂತ ಕೇಳಿದರೂ ಬೇಡ ಅನ್ನಿ. ಟೀಮ್‌ವ್ಯೂವರ್‌ನವರು ಇದಕ್ಕಾಗಿಯೇ ಕ್ವಿಕ್‌ಸಪೋರ್ಟ್ ಅಂತ ಚಿಕ್ಕ ಆಪ್ ಕೊಡುತ್ತಾರೆ. ಪೂರ್ತಿ ಆಪ್ ಬದಲು ಅದನ್ನೇ ಇಳಿಸಿಕೊಳ್ಳಿ.

ಕ್ವಿಕ್ ಅಸಿಸ್ಟ್ ತೆರೆಯಲು ಕೀಬೋರ್ಡ್‌ನಲ್ಲಿ ಕಂಟ್ರೋಲ್, ವಿಂಡೋಸ್, ಕ್ಯೂ ಮೂರೂ ಕೀ ಒಟ್ಟಿಗೆ ಒತ್ತಿ. ಸ್ಟಾರ್ಟ್ ಮೆನುವಿನಲ್ಲಿ ಹೆಸರು ಟೈಪ್ ಮಾಡಿದರೂ ಬರುತ್ತದೆ.

ಮ್ಯಾಕ್ ಇರುವವರು ಇಲ್ಲಿ ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ. ಆಪ್ ಹಾಕಿದರಷ್ಟೇ ಆಗಲಿಲ್ಲ, ಎರಡು ಅನುಮತಿ ಬೇರೆ ಕೊಡಬೇಕು. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ 'ಪ್ರೈವೆಸಿ ಅಂಡ್ ಸೆಕ್ಯೂರಿಟಿ'ಗೆ ಹೋಗಿ. 'ಸ್ಕ್ರೀನ್ ರೆಕಾರ್ಡಿಂಗ್'ನಲ್ಲಿ ಆಪ್ ಹೆಸರಿನ ಮುಂದಿನ ಸ್ವಿಚ್ ಆನ್ ಮಾಡಿ, ಇದು ಪರದೆ ಕಾಣಿಸುವುದಕ್ಕೆ. 'ಆಕ್ಸೆಸಿಬಿಲಿಟಿ'ಯಲ್ಲೂ ಆನ್ ಮಾಡಿ, ಇದು ಮೌಸ್ ಮತ್ತು ಕೀಬೋರ್ಡ್ ನಡೆಯುವುದಕ್ಕೆ. ಆಮೇಲೆ ಆಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. "ನಿಮ್ಮ ಡೆಸ್ಕ್‌ಟಾಪ್ ಚಿತ್ರ ಮಾತ್ರ ಕಾಣ್ತಿದೆ, ಬೇರೆ ಏನೂ ಕಾಣ್ತಿಲ್ಲ" ಅಂತ ಆ ಕಡೆಯವರು ಹೇಳಿದರೆ ಮೊದಲನೆಯ ಅನುಮತಿ ಬಿಟ್ಟುಹೋಗಿದೆ. "ಕಾಣ್ತಿದೆ, ಆದರೆ ಕ್ಲಿಕ್ ಆಗ್ತಿಲ್ಲ" ಅಂದರೆ ಎರಡನೆಯದು.

ಹಂತ 4: ಪರದೆ ತೋರಿಸುವ ಮೊದಲು ಮೇಜು ಖಾಲಿ ಮಾಡಿ

ಒಮ್ಮೆ ಜೋಡಣೆ ಆದರೆ ನಿಮ್ಮ ಪರದೆ ಮೇಲೆ ಏನಿದೆಯೋ ಅದೆಲ್ಲ ಅವರಿಗೂ ಕಾಣುತ್ತದೆ. ಬ್ಯಾಂಕಿನ ಪುಟ, ಇಮೇಲ್, ಮೆಸೇಜ್ ಪುಟಗಳನ್ನು ಮುಚ್ಚಿ. ಬ್ರೌಸರ್ ಪೂರ್ತಿ ಮುಚ್ಚಿದರೆ ಇನ್ನೂ ಒಳ್ಳೆಯದು. ಮಧ್ಯದಲ್ಲಿ ನೋಟಿಫಿಕೇಷನ್ ಬಂದು ಖಾಸಗಿ ಮಾತು ಪರದೆ ಮೂಲೆಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. 'ಡು ನಾಟ್ ಡಿಸ್ಟರ್ಬ್' ಆನ್ ಮಾಡಿಬಿಡಿ. ತೆರೆದಿರುವ ಫೈಲ್‌ಗಳನ್ನು ಸೇವ್ ಮಾಡಿ. ರಿಪೇರಿ ಮಧ್ಯೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕಾಗಬಹುದು.

ಇದರ ಜೊತೆಗೆ, ಯಾರೂ ಹೇಳದ ಒಂದು ವಿಷಯವಿದೆ. ಇಂಥ ಹೆಚ್ಚಿನ ಆಪ್‌ಗಳಲ್ಲಿ ಕ್ಲಿಪ್‌ಬೋರ್ಡ್ ಎರಡೂ ಕಡೆಗೆ ಹಂಚಿಕೆಯಾಗುತ್ತದೆ. ಕ್ಲಿಪ್‌ಬೋರ್ಡ್ ಅಂದರೆ ನೀವು ಕಾಪಿ ಮಾಡಿದ್ದು ಪೇಸ್ಟ್ ಮಾಡುವವರೆಗೆ ಕೂತಿರುವ ಜಾಗ. ಈ ಕಡೆ ಕಾಪಿ ಮಾಡಿದ್ದು ಆ ಕಡೆ ಪೇಸ್ಟ್ ಆಗುತ್ತದೆ. ಒಮ್ಮೆ ನಾನು ಒಬ್ಬರ ಕಂಪ್ಯೂಟರ್ ನೋಡುತ್ತಿದ್ದಾಗ ನನ್ನ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಒತ್ತಿದೆ. ಅವರ ಇಮೇಲ್ ಪಾಸ್‌ವರ್ಡ್ ಬಂದು ಕೂತಿತು. ಸ್ವಲ್ಪ ಹೊತ್ತಿಗೆ ಮುಂಚೆ ಅವರು ಅದನ್ನು ಯಾವುದೋ ಫೈಲ್‌ನಿಂದ ಕಾಪಿ ಮಾಡಿಕೊಂಡಿದ್ದರು. ಇಬ್ಬರಿಗೂ ಅದು ಗೊತ್ತಿರಲಿಲ್ಲ. ಕೂಡಲೇ ಅವರಿಗೆ ಹೇಳಿ ಪಾಸ್‌ವರ್ಡ್ ಬದಲಾಯಿಸಿದ್ದಾಯಿತು. ಅಂದಿನಿಂದ ಸಂಪರ್ಕಕ್ಕೆ ಮೊದಲು ಯಾವುದಾದರೂ ಒಂದು ಸಾದಾ ಪದ ಕಾಪಿ ಮಾಡಲು ಹೇಳುತ್ತೇನೆ. ಹಳೆಯದು ಅಳಿಸಿಹೋಗುತ್ತದೆ.

ಹಂತ 5: ಕೋಡ್ ಯಾರು ಯಾರಿಗೆ ಹೇಳಬೇಕು?

ಅತಿ ಹೆಚ್ಚು ಗೊಂದಲ ಆಗುವುದು ಇಲ್ಲಿ. ಇಬ್ಬರೂ ಪರದೆ ನೋಡುತ್ತಾ "ನೀವು ಹೇಳಿ", "ಇಲ್ಲ, ನೀವೇ ಹೇಳಿ" ಅಂತ ಕಾಯುತ್ತಾ ಕೂರುತ್ತಾರೆ. ಕಾರಣ ಇಷ್ಟೇ: ಆಪ್‌ನಿಂದ ಆಪ್‌ಗೆ ಇದು ತಿರುಗುಮುರುಗಾಗಿದೆ.

ಕ್ವಿಕ್ ಅಸಿಸ್ಟ್‌ನಲ್ಲಿ ಕೋಡ್ ಹುಟ್ಟುವುದು ಸಹಾಯ ಮಾಡುವವರ ಕಡೆ. ಅವರು 'ಹೆಲ್ಪ್ ಸಮ್‌ಒನ್' ಒತ್ತಿ, ತಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆದರೆ ಕೋಡ್ ಬರುತ್ತದೆ. ಅದು 10 ನಿಮಿಷ ಮಾತ್ರ ನಡೆಯುತ್ತದೆ. ಅವರು ಓದಿ ಹೇಳುತ್ತಾರೆ, ನೀವು ನಿಮ್ಮ ಪರದೆಯಲ್ಲಿ ಟೈಪ್ ಮಾಡಿ 'ಸಬ್‌ಮಿಟ್' ಒತ್ತುತ್ತೀರಿ. ಆಮೇಲೆ ಪರದೆ ತೋರಿಸಲು ನಿಮ್ಮ ಒಪ್ಪಿಗೆ ಕೇಳುತ್ತದೆ. ಅದನ್ನು ಓದಿ 'ಅಲೋ' ಒತ್ತಿ. ಈಗ ಅವರಿಗೆ ಪರದೆ ಕಾಣುತ್ತದೆ ಅಷ್ಟೇ, ಏನನ್ನೂ ಮುಟ್ಟಲು ಆಗುವುದಿಲ್ಲ. ಮೌಸ್ ಹಿಡಿಯಬೇಕಾದರೆ ಅವರು ಕಂಟ್ರೋಲ್ ಕೇಳಬೇಕು, ನೀವು ಇನ್ನೊಮ್ಮೆ ಒಪ್ಪಬೇಕು.

ಎನಿಡೆಸ್ಕ್‌ನಲ್ಲಿ ಇದು ಉಲ್ಟಾ. ಆಪ್ ತೆರೆದ ಕೂಡಲೇ ನಿಮ್ಮ ಪರದೆಯಲ್ಲಿ 9 ಅಥವಾ 10 ಅಂಕಿಯ ವಿಳಾಸ ಕಾಣುತ್ತದೆ. ಅದನ್ನು ನೀವು ಅವರಿಗೆ ಓದಿ ಹೇಳಬೇಕು. ಅವರು ಅದನ್ನು ಹಾಕಿ ಕನೆಕ್ಟ್ ಒತ್ತಿದಾಗ ನಿಮ್ಮ ಕಡೆ ಒಂದು ಚಿಕ್ಕ ಕಿಟಕಿ ತೆರೆಯುತ್ತದೆ. ಅದರಲ್ಲಿ 'ಆಕ್ಸೆಪ್ಟ್' ಮತ್ತು 'ಡಿಸ್ಮಿಸ್' ಎರಡು ಬಟನ್ ಇರುತ್ತವೆ. ಯಾರು ಕರೆಯುತ್ತಿದ್ದಾರೆ ಅಂತ ನೋಡಿ ಒಪ್ಪಿ. ಅವರು ಏನೇನು ಮಾಡಬಹುದು ಎನ್ನುವ ಅನುಮತಿಗಳೂ ಅಲ್ಲೇ ಇರುತ್ತವೆ: ಕೀಬೋರ್ಡ್ ಮತ್ತು ಮೌಸ್, ಕ್ಲಿಪ್‌ಬೋರ್ಡ್, ಫೈಲ್ ಕಳಿಸುವುದು ಹೀಗೆ. ಬೇಡದ್ದನ್ನು ಅಲ್ಲೇ ಆಫ್ ಮಾಡಬಹುದು. ಪ್ರಿಂಟರ್ ಸರಿಮಾಡುವವರಿಗೆ ನಿಮ್ಮ ಫೈಲ್‌ಗಳನ್ನು ಎತ್ತಿಕೊಳ್ಳುವ ಅನುಮತಿ ಯಾಕೆ ಬೇಕು, ಅಲ್ವಾ?

ಟೀಮ್‌ವ್ಯೂವರ್ ಕ್ವಿಕ್‌ಸಪೋರ್ಟ್‌ನಲ್ಲೂ ನೀವೇ ನಿಮ್ಮ ಪರದೆಯ ನಂಬರ್ ಹೇಳಬೇಕು. ಪಾಸ್‌ವರ್ಡ್ ಅಂತ ಇನ್ನೊಂದು ಕಾಣಿಸಿದರೆ ಅದನ್ನೂ ಹೇಳಬೇಕು. ಅದು ಆ ಸಂಪರ್ಕಕ್ಕಾಗಿ ಆಪ್ ಕೊಟ್ಟ ಪಾಸ್‌ವರ್ಡ್, ನಿಮ್ಮ ಕಂಪ್ಯೂಟರ್‌ನದ್ದಲ್ಲ.

ಕ್ರೋಮ್‌ನದರಲ್ಲಿ 'ಶೇರ್ ದಿಸ್ ಸ್ಕ್ರೀನ್' ಭಾಗದಲ್ಲಿ ನೀವು ಕೋಡ್ ಮಾಡಿಸಬೇಕು. 12 ಅಂಕಿ ಬರುತ್ತದೆ, ಒಂದು ಸಲಕ್ಕೆ ಮಾತ್ರ, 5 ನಿಮಿಷದೊಳಗೆ ಬಳಸಬೇಕು. ಅವರು ಹಾಕಿದಾಗ ಅವರ ಇಮೇಲ್ ವಿಳಾಸ ನಿಮಗೆ ಕಾಣುತ್ತದೆ. ಅದು ನಿಮಗೆ ಗೊತ್ತಿರುವ ವಿಳಾಸವೇ ಅಂತ ನೋಡಿಕೊಂಡು 'ಶೇರ್' ಒತ್ತಿ. ಪ್ರತಿ 30 ನಿಮಿಷಕ್ಕೆ "ಮುಂದುವರಿಸಲಾ?" ಅಂತ ಕೇಳುತ್ತದೆ. ಇದು ಒಳ್ಳೆಯ ಅಭ್ಯಾಸ, ಮರೆತು ತೆರೆದಿಟ್ಟರೂ ತಾನಾಗಿ ನಿಲ್ಲುತ್ತದೆ.

ಅಂಕಿಗಳನ್ನು ಮೂರು ಮೂರಾಗಿ ಬಿಡಿಸಿ ಹೇಳಿ, ಆ ಕಡೆಯವರಿಂದ ತಿರುಗಿ ಹೇಳಿಸಿ. ಒಂದು ಅಂಕಿ ತಪ್ಪಿದರೆ ಎನಿಡೆಸ್ಕ್‌ನಲ್ಲಿ ಬೇರೆ ಯಾರದೋ ಕಂಪ್ಯೂಟರ್‌ಗೆ ಕರೆ ಹೋಗಬಹುದು.

ಹಂತ 6: ಕೆಲಸ ನಡೆಯುವಾಗ

ಸಂಪರ್ಕ ಆದ ಮೇಲೆ ಮೌಸ್‌ನಿಂದ ಕೈ ತೆಗೆಯಿರಿ. ಪರದೆ ಮೇಲೆ ಬಾಣ ಒಂದೇ, ಹಿಡಿದವರು ಇಬ್ಬರು. ಅವರು ಎಡಕ್ಕೆ ಎಳೆಯುತ್ತಾರೆ, ನೀವು ಗೊತ್ತಿಲ್ಲದೆ ಬಲಕ್ಕೆ ತಳ್ಳುತ್ತೀರಿ. ಬಾಣ ಮಧ್ಯದಲ್ಲಿ ನಡುಗುತ್ತಾ ನಿಲ್ಲುತ್ತದೆ. "ಹ್ಯಾಂಗ್ ಆಗಿದೆ" ಅಂತ ಇಬ್ಬರೂ ಅಂದುಕೊಳ್ಳುತ್ತಾರೆ. ಸುಮ್ನೆ ಕೈ ತೆಗೆದರೆ ಸರಿಹೋಗುತ್ತದೆ.

ಆದರೆ ಕಣ್ಣು ಪರದೆ ಮೇಲೇ ಇರಲಿ. ಎದ್ದು ಹೋಗಬೇಡಿ. ಅವರು ಏನು ತೆರೆಯುತ್ತಿದ್ದಾರೆ, ಯಾಕೆ ಅಂತ ಕೇಳಿ. ಒಳ್ಳೆಯವರು ಬೇಜಾರಿಲ್ಲದೆ ಹೇಳುತ್ತಾರೆ.

ಮಧ್ಯದಲ್ಲಿ ಪರದೆ ಮಬ್ಬಾಗಿ "ಈ ಆಪ್ ನಿಮ್ಮ ಕಂಪ್ಯೂಟರ್‌ನಲ್ಲಿ ಬದಲಾವಣೆ ಮಾಡಲು ಬಿಡುತ್ತೀರಾ?" ಅಂತ ವಿಂಡೋಸ್ ಕೇಳಬಹುದು. ಇದಕ್ಕೆ ಯುಎಸಿ ಎನ್ನುತ್ತಾರೆ. ಆ ಹೊತ್ತಿಗೆ ಸಹಾಯ ಮಾಡುವವರಿಗೆ ಪರದೆ ಕಪ್ಪಾಗಿ ಕಾಣಬಹುದು. ಅದು ಕೆಟ್ಟಿಲ್ಲ. ಆ ಪ್ರಶ್ನೆಗೆ ಕಂಪ್ಯೂಟರ್ ಮುಂದೆ ಕೂತವರೇ ಉತ್ತರಿಸಲಿ ಅಂತಲೇ ವಿಂಡೋಸ್ ಹಾಗೆ ಮಾಡುತ್ತದೆ. ಆಪ್ ಹೆಸರು ಅವರಿಗೆ ಓದಿ ಹೇಳಿ, ಅವರು ಹೌದು ಅಂದರೆ ನೀವೇ 'ಯೆಸ್' ಒತ್ತಿ. ಪಾಸ್‌ವರ್ಡ್ ಕೇಳಿದರೆ ನೀವೇ ಟೈಪ್ ಮಾಡಿ.

ಸಹಾಯ ಮಾಡುವವರಿಗೆ ಎರಡು ಮಾತು. ಆ ಕಡೆ ಕೀಬೋರ್ಡ್ ಕನ್ನಡದಲ್ಲಿದ್ದರೆ ನೀವು ಇಂಗ್ಲಿಷ್ ಅಂತ ಒತ್ತಿದ್ದೆಲ್ಲ ಅಲ್ಲಿ ಕನ್ನಡ ಅಕ್ಷರವಾಗಿ ಬೀಳಬಹುದು. ಪಾಸ್‌ವರ್ಡ್ ಜಾಗದಲ್ಲಿ ಚುಕ್ಕಿ ಮಾತ್ರ ಕಾಣುವುದರಿಂದ ಇದು ಗೊತ್ತೇ ಆಗುವುದಿಲ್ಲ, ಬರೀ "ತಪ್ಪು ಪಾಸ್‌ವರ್ಡ್" ಅಂತ ಬರುತ್ತದೆ. ಅಲ್ಲಿರುವವರಿಗೆ ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಲು ಹೇಳಿ, ಭಾಷೆ ಬದಲಾಗುತ್ತದೆ. ಎರಡನೆಯದು, ಎಲ್ಲವನ್ನೂ ನೀವೇ ಮಾಡಬೇಡಿ. ಕ್ವಿಕ್ ಅಸಿಸ್ಟ್‌ನಲ್ಲಿ ಪರದೆ ಮೇಲೆ ಗೆರೆ ಎಳೆದು ತೋರಿಸುವ ಸೌಲಭ್ಯ ಇದೆ. "ಇಲ್ಲಿ ಒತ್ತಿ ಅಮ್ಮ" ಅಂತ ಸುತ್ತ ಗೆರೆ ಎಳೆದು ಅವರಿಂದಲೇ ಒತ್ತಿಸಿ. ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೆ ಮುಂದಿನ ಸಲ ಅದೇ ಕೆಲಸಕ್ಕೆ ಅವರು ನಿಮಗೆ ಕಾಯಬೇಕಾಗಿಲ್ಲ.

ಚಿತ್ರ ತಡವಾಗಿ ಬರುತ್ತಿದ್ದರೆ ವಿಡಿಯೋ, ಡೌನ್‌ಲೋಡ್ ನಿಲ್ಲಿಸಿ. ಆಪ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಚಿತ್ರದ ಗುಣಮಟ್ಟ ಇಳಿಸಿ ವೇಗ ಆರಿಸಿದರೆ ಸುಧಾರಿಸುತ್ತದೆ. ಲಿನಕ್ಸ್‌ನಲ್ಲಿ ಪರದೆ ಬರದಿದ್ದರೆ ಅಥವಾ ಪ್ರತಿ ಸಲ ಅನುಮತಿ ಕೇಳುತ್ತಿದ್ದರೆ ಅದು ವೇಲ್ಯಾಂಡ್ ಎನ್ನುವ ಹೊಸ ಪರದೆ ವ್ಯವಸ್ಥೆಯ ಕಟ್ಟುನಿಟ್ಟು. ಲಾಗಿನ್ ಪುಟದಲ್ಲಿ ಎಕ್ಸ್ಆರ್ಗ್ ಎನ್ನುವ ಹಳೆಯ ವ್ಯವಸ್ಥೆಯ ಆಯ್ಕೆ ಇದ್ದರೆ ಅದರಲ್ಲಿ ಲಾಗಿನ್ ಆಗಿ ನೋಡಿ.

ಏನೋ ಸರಿ ಇಲ್ಲ ಅನ್ನಿಸಿದರೆ ಕೇಳುತ್ತಾ ಕೂರಬೇಡಿ. ಆಪ್‌ನ ಕಿಟಕಿಯಲ್ಲೇ ನಿಲ್ಲಿಸುವ ಬಟನ್ ಇರುತ್ತದೆ. ಅದು ಕೈಗೆ ಸಿಗದಿದ್ದರೆ ವೈಫೈ ಆಫ್ ಮಾಡಿ ಅಥವಾ ಕೇಬಲ್ ಕಿತ್ತುಬಿಡಿ. ಇಂಟರ್ನೆಟ್ ಹೋದ ಕ್ಷಣಕ್ಕೆ ಅವರ ಹಿಡಿತವೂ ಹೋಗುತ್ತದೆ.

ಹಂತ 7: ಮುಗಿದ ಮೇಲೆ ಬಾಗಿಲು ಹಾಕಿ

ಫೋನ್ ಇಟ್ಟರೆ ಸಂಪರ್ಕ ಕಡಿದ ಹಾಗಲ್ಲ. ಆಪ್‌ನಲ್ಲೇ ಡಿಸ್ಕನೆಕ್ಟ್ ಒತ್ತಿ. ಆಮೇಲೆ ಪರದೆಯ ಕೆಳಗೆ ಬಲಮೂಲೆಯಲ್ಲಿ, ಗಡಿಯಾರದ ಪಕ್ಕ ಸಣ್ಣ ಚಿತ್ರಗಳ ಸಾಲು ನೋಡಿ. ಮೇಲ್ಮುಖದ ಬಾಣದ ಗುರುತು ಒತ್ತಿದರೆ ಇನ್ನೂ ಕೆಲವು ಕಾಣುತ್ತವೆ. ಅಲ್ಲಿ ಆ ಆಪ್ ಇದ್ದರೆ ಬಲಗಡೆ ಬಟನ್ ಒತ್ತಿ ಅದನ್ನು ಮುಚ್ಚಿ. ಇಳಿಸಿದ ಫೈಲ್ ಅಳಿಸಿ. ಇನ್‌ಸ್ಟಾಲ್ ಮಾಡಿದ್ದರೆ ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯಿಂದ ತೆಗೆಯಿರಿ. ಮುಂದಿನ ಸಲ ಬೇಕಾದರೆ ಹೊಸದಾಗಿ ಹಾಕಿಕೊಳ್ಳಿ. ಹೊಸ ಆವೃತ್ತಿಯೂ ಸಿಕ್ಕಿದ ಹಾಗಾಗುತ್ತದೆ. ರಿಪೇರಿ ಮಧ್ಯೆ ಯಾವುದಾದರೂ ಪಾಸ್‌ವರ್ಡ್ ಬಾಯಿಬಿಟ್ಟು ಹೇಳಿದ್ದರೆ ಅದನ್ನೂ ಇವತ್ತೇ ಬದಲಾಯಿಸಿ.

ಯಾವಾಗಲೂ ತೆರೆದಿಡಬೇಕಾದರೆ

ವಯಸ್ಸಾದ ಅಪ್ಪ ಅಮ್ಮನ ಕಂಪ್ಯೂಟರನ್ನು ದೂರದ ಊರಿನಿಂದ ನೋಡಿಕೊಳ್ಳುವವರಿಗೆ ಅನ್‌ಅಟೆಂಡೆಡ್ ಆಕ್ಸೆಸ್ ಬೇಕಾಗಬಹುದು. ಅವರಿಗೆ ಹೇಳಿ, ಅವರು ಒಪ್ಪಿದ ಮೇಲೆಯೇ ಹಾಕಿ. ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಡಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಅಂದರೆ ಪಾಸ್‌ವರ್ಡ್ ಜೊತೆ ಮೊಬೈಲ್‌ನಲ್ಲಿ ಬರುವ ಕೋಡ್ ಕೂಡ ಬೇಕಾಗುವಂತೆ. ಆಪ್ ಆಗಾಗ ಅಪ್‌ಡೇಟ್ ಮಾಡಿ. 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ಕಂಪನಿಯೇ ತನ್ನ ಸರ್ವರ್‌ಗಳಿಗೆ ಅತಿಕ್ರಮಣವಾಗಿದೆ ಎಂದು ತಿಳಿಸಿ, ತನ್ನ ಜಾಲತಾಣದ ಪಾಸ್‌ವರ್ಡ್‌ಗಳನ್ನು ರದ್ದು ಮಾಡಿ, ಹೊಸ ಆವೃತ್ತಿ ಬಳಸಲು ಹೇಳಿತ್ತು. ದೊಡ್ಡ ಕಂಪನಿ ಅಂತ ಪಾಸ್‌ವರ್ಡ್ ಹಾಕಿ ವರ್ಷಗಟ್ಟಲೆ ಮರೆತುಬಿಡಬಾರದು.

ವಿಂಡೋಸ್‌ನ 'ರಿಮೋಟ್ ಡೆಸ್ಕ್‌ಟಾಪ್' ಬಳಸಲಾ ಅಂತಲೂ ಕೇಳುತ್ತಾರೆ. ವಿಂಡೋಸ್‌ನ ಹೋಮ್ ಆವೃತ್ತಿಗೆ ಹೊರಗಿನಿಂದ ಅದರಲ್ಲಿ ಬರಲಾಗುವುದಿಲ್ಲ, ಪ್ರೊ ಬೇಕು. ಅದಕ್ಕಾಗಿ ರೌಟರ್‌ನಲ್ಲಿ 3389 ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಒಂದು ದಾರಿ, ತೆರೆಯಲು ಯಾರಾದರೂ ಹೇಳಿದರೆ ಖಂಡಿತ ಬೇಡ. ಆ ಪೋರ್ಟ್ ಎಲ್ಲಿ ತೆರೆದಿದೆ ಅಂತ ಹುಡುಕುವ ಪ್ರೋಗ್ರಾಂಗಳು ಹಗಲುರಾತ್ರಿ ಓಡುತ್ತಿರುತ್ತವೆ.

ಮೋಸಗಾರರು ಏನು ತೋರಿಸುತ್ತಾರೆ?

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಂಚೆಯೇ ಗೊತ್ತಿದ್ದವರು ಹೆದರುವುದಿಲ್ಲ.

ಬ್ರೌಸರ್‌ನಲ್ಲಿ ಇದ್ದಕ್ಕಿದ್ದಂತೆ ಪರದೆ ತುಂಬ ಎಚ್ಚರಿಕೆ ಬರುತ್ತದೆ, ಜೋರಾಗಿ ಸದ್ದು ಮಾಡುತ್ತದೆ, ಒಂದು ಫೋನ್ ನಂಬರ್ ಕೊಡುತ್ತದೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಯಾವತ್ತೂ ಫೋನ್ ನಂಬರ್ ಇರುವುದಿಲ್ಲ. ಇಂಥದ್ದು ಬಂದರೆ ಎಸ್ಕೇಪ್ ಕೀ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಆಗಲೂ ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್‌ನಿಂದ ಬ್ರೌಸರ್ ಮುಚ್ಚಿ.

ಆ ನಂಬರ್‌ಗೆ ಫೋನ್ ಮಾಡಿದವರಿಗೆ ಮೋಸಗಾರರು ರಿಮೋಟ್ ಆಪ್ ಹಾಕಿಸಿ, 'ಇವೆಂಟ್ ವ್ಯೂವರ್' ತೆರೆದು ಕೆಂಪು, ಹಳದಿ ಗುರುತುಗಳನ್ನು ತೋರಿಸುತ್ತಾರೆ. "ನೋಡಿ, ಎಷ್ಟೊಂದು ವೈರಸ್" ಎನ್ನುತ್ತಾರೆ. ಅದು ವಿಂಡೋಸ್‌ನ ದಿನಚರಿ. ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಅಂಥ ಸಾಲುಗಳು ನೂರಾರು ಇರುತ್ತವೆ. ಕಂಪ್ಯೂಟರ್‌ಗೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ 'ನೆಟ್‌ಸ್ಟ್ಯಾಟ್' ಅಂತ ಟೈಪ್ ಮಾಡಿ, 'ಫಾರಿನ್ ಅಡ್ರೆಸ್' ಎಂಬ ಸಾಲು ತೋರಿಸಿ, "ವಿದೇಶದ ಹ್ಯಾಕರ್‌ಗಳು ಒಳಗಿದ್ದಾರೆ" ಅಂತಲೂ ಹೇಳುತ್ತಾರೆ. ಅಲ್ಲಿ ಫಾರಿನ್ ಅಂದರೆ ವಿದೇಶ ಅಲ್ಲ, ನಿಮ್ಮ ಕಂಪ್ಯೂಟರ್ ಮಾತಾಡುತ್ತಿರುವ ಆ ಕಡೆಯ ಯಾವುದೇ ಕಂಪ್ಯೂಟರ್.

ಹಣ ವಾಪಸ್ ಕೊಡುವ ನೆಪವೂ ಇದೆ. ನಿಮ್ಮಿಂದ ಬ್ಯಾಂಕ್ ಪುಟ ತೆರೆಸಿ, ಪರದೆಯನ್ನು ಒಂದು ಗಳಿಗೆ ಕಪ್ಪು ಮಾಡಿ, ಪುಟದ ಅಂಕಿಯನ್ನು ಬ್ರೌಸರ್‌ನಲ್ಲೇ ತಿದ್ದಿ "ತಪ್ಪಾಗಿ ಜಾಸ್ತಿ ಹಣ ಹಾಕಿಬಿಟ್ಟೆ, ಉಳಿದದ್ದು ಕಳಿಸಿ" ಎಂದು ಗೋಗರೆಯುತ್ತಾರೆ. ಪುಟ ರಿಫ್ರೆಶ್ ಮಾಡಿದರೆ ನಿಜವಾದ ಅಂಕಿ ಬರುತ್ತದೆ. ಆದರೆ ಸಂಪರ್ಕ ಇರುವಾಗ ಬ್ಯಾಂಕ್ ಪುಟ ತೆರೆಯಲೇಬಾರದು. ಒಟಿಪಿ ಹೇಳಲೇಬಾರದು.

ಆಫೀಸಿನವರೂ ಎಚ್ಚರ ಇರಿ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ತನ್ನದೇ ಕ್ವಿಕ್ ಅಸಿಸ್ಟ್ ದುರ್ಬಳಕೆಯಾಗುತ್ತಿದೆ ಎಂದು ಎಚ್ಚರಿಸಿತು. ಮೋಸಗಾರರು ಕೆಲವರ ಇಮೇಲ್‌ಗೆ ಬೇಡದ ಮೇಲ್‌ಗಳನ್ನು ರಾಶಿ ಸುರಿಯುತ್ತಿದ್ದರು. ಆಮೇಲೆ ಐಟಿ ವಿಭಾಗದವರ ಸೋಗಿನಲ್ಲಿ ಫೋನ್ ಮಾಡಿ, "ಸರಿಮಾಡಿಕೊಡ್ತೀವಿ, ಕ್ವಿಕ್ ಅಸಿಸ್ಟ್ ತೆರೆಯಿರಿ" ಎನ್ನುತ್ತಿದ್ದರು. ಕೊನೆಗೆ ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಪ್ರೋಗ್ರಾಂ. ಇಂಥ ಫೋನ್ ಬಂದರೆ ಇಟ್ಟುಬಿಟ್ಟು, ನಿಮ್ಮಲ್ಲಿ ಮೊದಲೇ ಇರುವ ಐಟಿ ವಿಭಾಗದ ನಂಬರ್‌ಗೆ ನೀವೇ ಫೋನ್ ಮಾಡಿ ಕೇಳಿ.

ಆಗಲೇ ಒಳಗೆ ಬಿಟ್ಟುಬಿಟ್ಟಿದ್ದರೆ

ನಾಚಿಕೆ ಪಡುತ್ತಾ ಕೂರಬೇಡಿ. ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವವರೂ ಸಿಕ್ಕಿಬಿದ್ದಿದ್ದಾರೆ. ಈ ಕ್ರಮದಲ್ಲಿ ಮಾಡಿ.

1. ಮೊದಲು ಇಂಟರ್ನೆಟ್ ಕಡಿಯಿರಿ.

2. ಬ್ಯಾಂಕ್‌ಗೆ ಫೋನ್ ಮಾಡಿ. ಕಾರ್ಡಿನ ಹಿಂದೆ ಅಥವಾ ಪಾಸ್‌ಬುಕ್‌ನಲ್ಲಿ ಇರುವ ನಂಬರ್‌ಗೇ ಮಾಡಿ. ಹುಡುಕಿದಾಗ ಸಿಕ್ಕ ನಂಬರ್ ಬೇಡ. ಖಾತೆ, ಕಾರ್ಡ್ ತಡೆಹಿಡಿಯಲು ಹೇಳಿ.

3. ಬೇರೆ ಕಂಪ್ಯೂಟರ್ ಅಥವಾ ಫೋನಿನಿಂದ ಪಾಸ್‌ವರ್ಡ್‌ಗಳನ್ನು ಬದಲಾಯಿಸಿ. ಇಮೇಲ್‌ನದ್ದು ಮೊದಲು. ಬೇರೆ ಎಲ್ಲ ಪಾಸ್‌ವರ್ಡ್‌ಗಳನ್ನೂ ಇಮೇಲ್ ಮೂಲಕವೇ ಬದಲಾಯಿಸಬಹುದಲ್ಲ, ಅದಕ್ಕೆ. ಆಮೇಲೆ ಬ್ಯಾಂಕ್, ಆಮೇಲೆ ಉಳಿದವು.

4. ರಿಮೋಟ್ ಆಪ್ ತೆಗೆಯಿರಿ. ಒಂದೇ ತೆಗೆದು ಸುಮ್ಮನಾಗಬೇಡಿ. ಅವರು ಎರಡು ಮೂರು ಹಾಕಿರಬಹುದು. ಆಪ್ಸ್ ಪಟ್ಟಿಯನ್ನು ಹಾಕಿದ ದಿನಾಂಕದ ಪ್ರಕಾರ ಜೋಡಿಸಿ, ಆ ದಿನ ಬಂದದ್ದನ್ನೆಲ್ಲ ನೋಡಿ.

5. ವಿಂಡೋಸ್ ಸೆಕ್ಯೂರಿಟಿಯಲ್ಲಿ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ನಡೆಸಿ. ಅನುಮಾನ ಉಳಿದರೆ ಬೇಕಾದ ಫೋಟೋ, ಫೈಲ್‌ಗಳನ್ನು ಬೇರೆ ಕಡೆ ತೆಗೆದಿಟ್ಟುಕೊಂಡು ವಿಂಡೋಸ್ ಹೊಸದಾಗಿ ಹಾಕಿಸಿ.

6. ಪೊಲೀಸರಿಗೆ ದೂರು ಕೊಡಿ. ಫೋನ್ ನಂಬರ್, ಸಮಯ, ಮೆಸೇಜ್ ಯಾವುದನ್ನೂ ಅಳಿಸಬೇಡಿ.

ಇದೆಲ್ಲ ಆದ ಕೆಲವು ದಿನ ಅಥವಾ ವಾರಗಳ ಮೇಲೆ ಇನ್ನೊಂದು ಫೋನ್ ಬರಬಹುದು. "ನೀವು ಮೋಸ ಹೋಗಿದ್ದು ನಮಗೆ ಗೊತ್ತಾಗಿದೆ, ನಿಮ್ಮ ಹಣ ವಾಪಸ್ ಕೊಡಿಸ್ತೀವಿ, ಸ್ವಲ್ಪ ಶುಲ್ಕ ಕಟ್ಟಿ, ಒಂದು ಆಪ್ ಹಾಕ್ಕೊಳ್ಳಿ" ಎನ್ನುತ್ತಾರೆ. ಎಷ್ಟೋ ಸಲ ಇದು ಅದೇ ಗುಂಪಿನವರು, ಅಥವಾ ಅವರಿಂದ ನಿಮ್ಮ ನಂಬರ್ ಪಡೆದವರು. ಫೋನ್ ಇಟ್ಟು, ಆ ನಂಬರನ್ನೂ ದೂರಿಗೆ ಸೇರಿಸಿ.